ತೂಬಿನ ಹಲಗೆ

"ಫಾದರ್, ಮತ್ತೆ ಮತ್ತೆ ಅದೇ ಪಾಪಕ್ಕೆ ಬೀಳುವವನು ಉಪವಾಸ ಪ್ರಾರ್ಥನೆ ಮಾಡಿ ಏನು ಪ್ರಯೋಜನ?" ಎಂದು ಮಿಂಗೇಲ ಕೇಳಿದ.

ಅವನು ಗುರುಮಠದಲ್ಲಿ ಪಾದ್ರಿಯಾಗಲು ಓದುತ್ತಿದ್ದ ಶಿಷ್ಯ. ಸಿಟ್ಟು ಅವನ ಪಾಪ. ಪ್ರತಿ ಸಲ ಪಾಪನಿವೇದನೆ ಮಾಡಿ, ಶುಕ್ರವಾರ ಹೊಟ್ಟೆಗೆ ಏನೂ ಹಾಕದೆ ಇದ್ದು, ಮತ್ತೆ ಸಿಟ್ಟಾಗುತ್ತಿದ್ದ. ಹಿಂದಿನ ದಿನ ಅಡುಗೆಯ ಮುದುಕ ಬಸ್ತ್ಯಾಂವನ ಮೇಲೆ ಕೈ ಎತ್ತಿದ್ದ. ಆಮೇಲೆ ದೇವಾಲಯದೊಳಗೆ ಕಾಲಿಟ್ಟಿರಲಿಲ್ಲ. ಈಗ ಚೀಲ ಕಟ್ಟಿಕೊಂಡು ಊರಿಗೆ ಹೊರಟು ನಿಂತಿದ್ದ.

ಫಾದರ್ ಕಾಯ್ತಾನ್ ಚೀಲವನ್ನು ನೋಡಿದರು. "ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ," ಎಂದು ಕತೆ ಹೇಳತೊಡಗಿದರು.

ನದಿ ಕಡಲು ಸೇರುವಲ್ಲಿ ಒಬ್ಬ ರೈತನ ಗದ್ದೆ ಇತ್ತು. ಗದ್ದೆಗೂ ನದಿಗೂ ನಡುವೆ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಒಂದು ತೂಬು, ತೂಬಿಗೆ ಮರದ ಹಲಗೆ. ಉಬ್ಬರ ಬಂದಾಗ ಹಲಗೆ ಇಳಿಸಬೇಕು, ಉಪ್ಪುನೀರು ಒಳಗೆ ಬರಬಾರದು. ಇಳಿತವಾದಾಗ ಎತ್ತಬೇಕು, ಗದ್ದೆಯ ನೀರು ಹೊರಗೆ ಹೋಗಬೇಕು. ದಿನಾ ಇದೇ ಕೆಲಸ. ಬೇಸರದ ಕೆಲಸ, ನಿಜ.

ಒಂದು ದಿನ ಅವನು ಹರಟೆಗೆ ಕೂತ. ಹರಟೆ ಅಂದರೆ ಗೊತ್ತಲ್ಲ, ಎದ್ದು ಬರಲು ಮನಸ್ಸೇ ಬರುವುದಿಲ್ಲ. ಅಷ್ಟರಲ್ಲಿ ಉಬ್ಬರ ಬಂದು ಗದ್ದೆಯ ತುಂಬ ಉಪ್ಪುನೀರು ನಿಂತಿತು. ಇಳಿತಕ್ಕೆ ನೀರೇನೋ ಹೋಯಿತು, ಉಪ್ಪು ಮಣ್ಣಿನಲ್ಲಿ ಉಳಿಯಿತು.

ಬಿತ್ತನೆಯ ಕಾಲ ಹತ್ತಿರವಿತ್ತು. ಮನೆಯಲ್ಲಿ ಬೀಜದ ಭತ್ತ ಇದ್ದದ್ದು ಹುಲ್ಲಿನಲ್ಲಿ ಕಟ್ಟಿಟ್ಟ ಒಂದೇ ಮುಡಿ. ಉಪ್ಪು ನೆಲದಲ್ಲಿ ಬಿತ್ತಿದರೆ ಅದೂ ಹೋಯಿತು, ವರ್ಷದ ಅನ್ನವೂ ಹೋಯಿತು. ರೈತನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇನ್ನು ಒಂದು ತೊಟ್ಟು ಉಪ್ಪುನೀರೂ ಒಳಗೆ ಬರಬಾರದು ಎಂದು ಹಲಗೆ ಇಳಿಸಿ, ಸಂದಿಗೆಲ್ಲ ಜೇಡಿಮಣ್ಣು ಮೆತ್ತಿ, ತೂಬನ್ನೇ ಮುಚ್ಚಿಬಿಟ್ಟ ಪುಣ್ಯಾತ್ಮ.

ಮಳೆ ಬಂತು. ಚೆನ್ನಾಗಿಯೇ ಬಂತು. ಮಣ್ಣಿನ ಉಪ್ಪು ಮಳೆನೀರಿಗೆ ಬಿಟ್ಟಿತು. ಆದರೆ ಆ ನೀರು ಹೋಗಲು ದಾರಿ ಎಲ್ಲಿದೆ? ಅಲ್ಲೇ ನಿಂತಿತು. ರೈತ ನೀರನ್ನು ನಾಲಿಗೆಗೆ ಹಚ್ಚಿ ನೋಡಿದ, ಉಪ್ಪು. ಮನೆಯ ಬಾವಿಯಿಂದ ಕೊಡದಲ್ಲಿ ಸಿಹಿನೀರು ಹೊತ್ತು ತಂದು ಗದ್ದೆಗೆ ಸುರಿಯತೊಡಗಿದ. ತಪ್ಪು ನನ್ನದು, ತೊಳೆಯಬೇಕಾದವನೂ ನಾನೇ ಎಂದ. ಊಟ ಬಿಟ್ಟ. ಹೆಗಲು ಹುಣ್ಣಾಯಿತು. ಗದ್ದೆಯ ನೀರು ಮಾತ್ರ ಉಪ್ಪಾಗಿಯೇ ಇತ್ತು.

ಹೆಂಡತಿ ಕಟ್ಟೆಗೆ ಬಂದಳು. "ಅಲ್ಲಾ, ಮೇಲಿಂದ ಇಷ್ಟು ಸುರಿಯುತ್ತಿರುವಾಗ ನಿಮ್ಮದೇನು ಕೊಡ? ಆ ಹಲಗೆ ಎತ್ತಿ."

"ಮತ್ತೆ ಉಪ್ಪುನೀರು ನುಗ್ಗಿದರೆ? ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಮಾರಾಯ್ತಿ."

"ನುಗ್ಗಿದರೆ ಇಳಿತಕ್ಕೆ ಮತ್ತೆ ಎತ್ತಿ. ಗದ್ದೆ ತೊಳೆಯೋದು ಮಳೆ. ನಿಮ್ಮ ಪಾಲಿಗೆ ಇರೋದು ಹಲಗೆ ಎತ್ತೋದು, ಇಳಿಸೋದು. ಅದನ್ನಾದರೂ ಮಾಡಿ."

ರೈತ ಜೇಡಿ ಕಿತ್ತು ಹಲಗೆ ಎತ್ತಿದ. ಉಪ್ಪುನೀರು ಹೊರಗೆ ಹರಿಯಿತು. ನಡುವೆ ಮತ್ತೊಮ್ಮೆ ಮರೆತ. ಒಂದೇ ದಿನಕ್ಕೆ ಮನುಷ್ಯ ಬದಲಾಗುತ್ತಾನೆಯೆ? ಓಡಿ ಬಂದು ಹಲಗೆ ಇಳಿಸುವಷ್ಟರಲ್ಲಿ ಮತ್ತೆ ಉಪ್ಪು ಬಂತು. ಆದರೆ ಈ ಸಲ ಅವನು ಕೊಡ ಹುಡುಕಲಿಲ್ಲ. ಇಳಿತಕ್ಕೆ ಕಾದು ಹಲಗೆ ಎತ್ತಿದ. ಮಳೆ ಸುರಿಯುತ್ತಲೇ ಇತ್ತು. ಒಂದು ಬೆಳಿಗ್ಗೆ ಮಣ್ಣನ್ನು ನಾಲಿಗೆಗಿಟ್ಟರೆ ಸಪ್ಪೆಯಾಗಿತ್ತು. ಗದ್ದೆಯಲ್ಲೇ ಕೂತು ಅತ್ತುಬಿಟ್ಟ. ಆಮೇಲೆ ಎದ್ದು ಬೀಜ ಬಿತ್ತಿದ. ತೂಬಿನ ಪಕ್ಕದ ಮೂಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹಸಿರಾಯಿತು.

ಫಾದರ್ ಕತೆ ನಿಲ್ಲಿಸಿದರು. ಸಂಜೆಯ ಪ್ರಾರ್ಥನೆಯ ಗಂಟೆ ಮೊಳಗಿತು. ಮಿಂಗೇಲ ಏಳಲಿಲ್ಲ.

"ಬಸ್ತ್ಯಾಂವಜ್ಜನ ಮುಖ ನೋಡಲಿಕ್ಕೇ ನನಗೆ ಆಗುತ್ತಿಲ್ಲ ಫಾದರ್. ಇನ್ನು ದೇವರ ಮುಂದೆ ಯಾವ ಮುಖ ಇಟ್ಟುಕೊಂಡು ಕೂರಲಿ? ಮೊದಲು ಈ ಸಿಟ್ಟು ಹೋಗಲಿ, ಆಮೇಲೆ ಪ್ರಾರ್ಥನೆಗೆ ಬರುತ್ತೇನೆ," ಎಂದ.

"ಮಳೆ ನಿಂತಿಲ್ಲ ಮಾರಾಯ, ಹಲಗೆ ಇಳಿಸಿಕೊಂಡು ಕೂತಿರುವವನು ನೀನು," ಎಂದರು ಫಾದರ್.

ಮಿಂಗೇಲ ಎದ್ದ. ಚೀಲವನ್ನು ಅಲ್ಲೇ ಬಿಟ್ಟು ಅಡುಗೆಮನೆಯ ಕಡೆ ನಡೆದ.