ಮೂರು ತಾಸಿನ ಮೋಡ

"ಗುರುಗಳೇ, ನಿಜಗುಣನಿಗೆ ಕೊಟ್ಟದ್ದನ್ನು ನನಗೇಕೆ ಕೊಡಲಿಲ್ಲ?" ಎಂದು ಶಾಂತವೀರ ಕೇಳಿದ.

ಇಬ್ಬರೂ ಒಂದೇ ಮಠದ ಶಿಷ್ಯರು. ನಿಜಗುಣ ಎರಡು ವರ್ಷ ತಡವಾಗಿ ಬಂದವನು. ಶಿಷ್ಯರ ಕೋಣೆಗಳನ್ನು ಗುಡಿಸುವ ಕೆಲಸವನ್ನು ಗುರುಗಳು ಆ ತಿಂಗಳು ಶಾಂತವೀರನಿಗೆ ಒಪ್ಪಿಸಿದ್ದರು. ಅವನು ಕಸದ ಬುಟ್ಟಿ ಹಿಡಿದುಕೊಂಡೇ ಗುರುಗಳ ಮುಂದೆ ನಿಂತಿದ್ದ.

"ಏನು ಕೊಟ್ಟೆನಪ್ಪ ಅವನಿಗೆ?" ಎಂದರು ಗುರುಗಳು.

"ಮಾತು. ಅವನು ಎರಡು ತಾಸು ಪ್ರವಚನ ಮಾಡಿದರೂ ಎಲ್ಲೂ ತಡವರಿಸುವುದಿಲ್ಲ. ಜನ ಅಲುಗಾಡದೆ ಕೇಳುತ್ತಾರೆ. ನನ್ನದು ಕಾಲು ತಾಸಿಗೇ ಬತ್ತಿಹೋಗುತ್ತದೆ. ಶ್ರಾವಣದ ಪ್ರವಚನ ಈ ಸಲ ಅವನಿಗೇ ಎಂದು ಎಲ್ಲರೂ ಹೇಳುತ್ತಿದ್ದಾರೆ. ಸುಳ್ಳೇಕೆ ಹೇಳಲಿ, ಅವನನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಇಷ್ಟು ಸಾಲದೆಂದು ಅವನ ಕೋಣೆಯ ಕಸವನ್ನೂ ನಾನೇ ಹೊರಬೇಕು. ದಿನಾ ಒಂದು ಬುಟ್ಟಿ ಮುದುರಿದ ಹಾಳೆ. ಉಳಿದವರೆಲ್ಲರದು ಸೇರಿದರೂ ಅವನೊಬ್ಬನ ಕಸದಷ್ಟಾಗುವುದಿಲ್ಲ."

ಗುರುಗಳು ನಕ್ಕರು. ಕಾವಿ ಉಡುವ ಮೊದಲು ಅವರು ಹವಾಮಾನ ಸಂಸ್ಥೆಯೊಂದರಲ್ಲಿ ದುಡಿದವರು. ಅವರ ಕತೆಗಳಲ್ಲಿ ರಾಜರಿಗಿಂತ ಕಂಪ್ಯೂಟರುಗಳೇ ಹೆಚ್ಚು.

"ಬುಟ್ಟಿ ಕೆಳಗಿಟ್ಟು ಕೂತುಕೋ," ಎಂದು ಅವರು ಹೇಳತೊಡಗಿದರು.

ಒಂದು ಸಂಸ್ಥೆಯಲ್ಲಿ ಒಬ್ಬ ಸಂಶೋಧಕನೂ ಒಬ್ಬ ಸಂಶೋಧಕಿಯೂ ಇದ್ದರು. ಕಂಪ್ಯೂಟರಿನೊಳಗೆ ಮೋಡ ಹುಟ್ಟಿಸುವುದು ಅವರ ಕೆಲಸ. ನೆಲದ ಕಾವು ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂಬ ಅಂಕಿಗಳನ್ನು ಕೊಟ್ಟರೆ ಯಂತ್ರ ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ಒಂದು ಮೋಡ ಹುಟ್ಟುತ್ತದೆ, ಬೆಳೆಯುತ್ತದೆ, ಸುರಿಯುತ್ತದೆ, ಸಾಯುತ್ತದೆ. ಏಕೆ ಹುಟ್ಟಿತು, ಏಕೆ ಸತ್ತಿತು ಎಂದು ತಿಳಿಯುವುದೇ ಅವರ ವಿದ್ಯೆ. ಒಂದು ತಾಸಿನ ಮೋಡಕ್ಕೆ ಯಂತ್ರ ಇಡೀ ಹಗಲು ದುಡಿಯಬೇಕಿತ್ತು.

ಅವನ ಮೋಡ ನಲವತ್ತು ನಿಮಿಷಕ್ಕೆ ಸಾಯುತ್ತಿತ್ತು. ಮಳೆ ಬೀಳುವಾಗ ಒಂದಷ್ಟು ಹನಿ ದಾರಿಯಲ್ಲೇ ಆವಿಯಾಗುತ್ತದೆ. ಅದರಿಂದ ಗಾಳಿ ತಣ್ಣಗಾಗಿ ಕೆಳಗೆ ಇಳಿಯುತ್ತದೆ. ಮೋಡವನ್ನು ಸಾಕುತ್ತಿದ್ದ ಬಿಸಿ ಗಾಳಿಗೆ ಆ ತಂಪು ಅಡ್ಡ ಬರುತ್ತದೆ. ಉಸಿರು ಕಟ್ಟಿದ ಮೋಡ ಚೆದುರಿಹೋಗುತ್ತದೆ. ಮೋಡ ಸತ್ತ ಕೂಡಲೇ ಲೆಕ್ಕ ನಿಲ್ಲಿಸುವಂತೆ ಅವನು ಯಂತ್ರಕ್ಕೆ ಹೇಳಿಟ್ಟಿದ್ದ. ಸತ್ತದ್ದರ ಮುಂದೆ ಕಾವಲು ಕೂರುವುದೇಕೆ ಎಂಬುದು ಅವನ ವಾದ.

ಆ ವರ್ಷ ಸಂಸ್ಥೆಗೆ ಒಂದು ದೊಡ್ಡ ಕಂಪ್ಯೂಟರ್ ಬಂತು. ಅದು ಸಿಕ್ಕವರು ಇಡೀ ಮಳೆಗಾಲದ ಮೋಡಗಳನ್ನು ಹುಟ್ಟಿಸಿ ನೋಡಬಹುದಿತ್ತು. ಸಿಗುವುದು ಇಬ್ಬರಲ್ಲಿ ಒಬ್ಬರಿಗೆ ಮಾತ್ರ.

ಶನಿವಾರದ ಸಭೆಯಲ್ಲಿ ಅವಳು ತನ್ನ ಗ್ರಾಫ್ ತೋರಿಸಿದಳು. ಸುರಿದ ಒಟ್ಟು ಮಳೆಯನ್ನು ತೋರುವ ಗೆರೆ. ಮೂರು ತಾಸು, ಒಂದೇ ಗೆರೆ, ನಡುವೆ ಎಲ್ಲೂ ತುಂಡಾಗಿರಲಿಲ್ಲ. "ಬಹಳ ಚೆನ್ನಾಗಿದೆ," ಎಂದರು ನಿರ್ದೇಶಕರು. ಆ ಮಾತಾದ ಮೇಲೆ ಅವಳು ವಿವರಿಸಿದ್ದು ಯಾವುದೂ ಅವನ ಕಿವಿಗೆ ಹೋಗಲಿಲ್ಲ.

ಅಂದು ಅವನಿಗೆ ಊಟ ಸೇರಲಿಲ್ಲ. ತನ್ನದು ನಲವತ್ತು ನಿಮಿಷ, ಅವಳದು ಮೂರು ತಾಸು. ಅದೇ ಕಾವು, ಅದೇ ತೇವ, ಅದೇ ಯಂತ್ರ. ಅವಳು ಚಹಾಕ್ಕೆ ಎದ್ದುಹೋದಾಗ ಅವಳ ಮೇಜಿನ ಬಳಿ ಹೋಗಿ, ಗೋಡೆಗೆ ಅಂಟಿಸಿದ್ದ ಆ ಗ್ರಾಫಿನ ಫೋಟೋ ತೆಗೆದುಕೊಂಡ. ಹೇಗೆ ಮಾಡಿದಿರಿ ಎಂದು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಕೇಳಿದರೆ ತಾನು ಚಿಕ್ಕವನಾಗುತ್ತೇನೆ ಎಂದುಕೊಂಡ. ಹೊಟ್ಟೆಕಿಚ್ಚಿನವನು ಕದ್ದು ನೋಡಲು ನಾಚುವುದಿಲ್ಲ, ಕೇಳಲು ನಾಚುತ್ತಾನೆ.

ಹನಿ ದಾರಿಯಲ್ಲಿ ಆವಿಯಾಗುವುದರಿಂದ ತಾನೇ ತನ್ನ ಮೋಡ ಸಾಯುವುದು? ಹನಿ ಎಷ್ಟು ಆವಿಯಾಗಬೇಕೆಂಬ ಅಂಕಿಯನ್ನು ಅವನು ಅರ್ಧಕ್ಕೆ ಇಳಿಸಿದ. ಮೋಡ ಒಂದು ತಾಸು ಬದುಕಿತು. ಕಾಲು ಭಾಗಕ್ಕೆ ಇಳಿಸಿದ. ಎರಡು ತಾಸು ಬದುಕಿತು. ಕೊನೆಗೆ ಸೊನ್ನೆಗೆ ತಂದ. ಮೂರೂವರೆ ತಾಸು ನಿಂತಿತು. ಬೇಸಗೆಯ ಆಕಾಶದಲ್ಲಿ ಒಂದು ಹನಿಯೂ ಆವಿಯಾಗದೆ ಮಳೆ ಬೀಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದ. ಅವಳಿಗಿಂತ ಅರ್ಧ ತಾಸು ಹೆಚ್ಚಾಯಿತಲ್ಲ, ಅಂದು ರಾತ್ರಿ ಎರಡು ತುತ್ತು ಹೆಚ್ಚೇ ಉಂಡ.

ತೀರ್ಮಾನದ ದಿನ ಬಂತು. ನಿರ್ದೇಶಕರು ಹಿಂದಿನ ವರ್ಷದ ಬೇಸಗೆಯ ಒಂದು ಮಧ್ಯಾಹ್ನವನ್ನು ಆರಿಸಿಕೊಂಡರು. ಅಂದಿನ ಆಕಾಶವನ್ನು ರೇಡಾರ್ ದಾಖಲಿಸಿತ್ತು. ಸಾಲಾಗಿರುವ ಐದು ಊರುಗಳ ಮೇಲೆ ಒಂದಾದ ಮೇಲೊಂದರಂತೆ ಮಳೆಯಾಗಿತ್ತು. ಇಬ್ಬರ ಲೆಕ್ಕಗಳನ್ನೂ ಆ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರು. ಅವಳ ಲೆಕ್ಕದಲ್ಲಿ ಮಳೆ ಊರಿಂದ ಊರಿಗೆ ನಡೆಯಿತು. ಅವನ ಮೋಡ ಮೊದಲ ಊರಿನ ಮೇಲೆ ಮೂರೂವರೆ ತಾಸು ನಿಂತು ಅಲ್ಲೇ ಸುರಿಯಿತು. ಉಳಿದ ನಾಲ್ಕು ಊರಿಗೆ ಒಂದು ಹನಿಯೂ ಇಲ್ಲ.

ಅವನಿಗೆ ತಡೆಯಲಾಗಲಿಲ್ಲ. "ನನ್ನ ಮೋಡ ನಿಮ್ಮ ಮೋಡಕ್ಕಿಂತ ಹೆಚ್ಚು ಹೊತ್ತು ಬದುಕಿದೆಯಲ್ಲ!" ಎಂದು ಅವಳಿಗೇ ಹೇಳಿದ.

ಅವಳಿಗೆ ಆಶ್ಚರ್ಯವಾಯಿತು. "ನನ್ನ ಯಾವ ಮೋಡವೂ ನಲವತ್ತು ನಿಮಿಷ ದಾಟಿಲ್ಲ ಸರ್. ಆ ಗೆರೆ ಐದು ಮೋಡಗಳದ್ದು. ಸಭೆಯಲ್ಲೇ ಹೇಳಿದ್ದೆನಲ್ಲ? ಒಂದು ಸತ್ತಾಗ ಅದರ ತಂಪು ಗಾಳಿ ನೆಲದ ಮೇಲೆ ಹರಡುತ್ತದೆ. ಪಕ್ಕದ ಬಿಸಿ ಗಾಳಿಯನ್ನು ಮೇಲಕ್ಕೆ ನೂಕುತ್ತದೆ. ಅಲ್ಲಿ ಇನ್ನೊಂದು ಹುಟ್ಟುತ್ತದೆ. ಸಾಯುವ ಮೋಡವೇ ಮುಂದಿನದಕ್ಕೆ ತಾಯಿ. ನಿಮ್ಮ ಮೊದಲಿನ ಮೋಡ ಸರಿಯಾಗಿಯೇ ಇತ್ತು, ಅದನ್ನೇಕೆ ಬಿಟ್ಟಿರಿ? ಅದು ಸತ್ತ ಮೇಲೆ ಇನ್ನು ಹತ್ತು ನಿಮಿಷ ಕಾದಿದ್ದರೆ ಸಾಕಿತ್ತು."

ದೊಡ್ಡ ಕಂಪ್ಯೂಟರ್ ಅವಳಿಗೆ ಹೋಯಿತು. ಅವನು ತನ್ನ ಹಳೆಯ ಲೆಕ್ಕವನ್ನು ತೆರೆದ. ನಿಲ್ಲಿಸೆಂಬ ಆಜ್ಞೆಯನ್ನು ತೆಗೆದುಹಾಕಿ ಮತ್ತೆ ನಡೆಸಿದ. ನಲವತ್ತನೆಯ ನಿಮಿಷಕ್ಕೆ ಮೋಡ ಸತ್ತಿತು. ನಲವತ್ತೊಂಬತ್ತನೆಯ ನಿಮಿಷಕ್ಕೆ ಅದರ ಪಕ್ಕದಲ್ಲಿ ಒಂದು ಪುಟ್ಟ ಮೋಡ ಎದ್ದಿತು. ಅಷ್ಟು ದಿನ ಅವಳ ಮೇಲಿದ್ದ ಸಿಟ್ಟೆಲ್ಲ ಆಗ ಅವನ ಮೇಲೆಯೇ ತಿರುಗಿತು.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನಿಗೆ ಸಮಾಧಾನವಾಗಲಿಲ್ಲ.

"ಅವಳ ಗೆರೆಯ ಹಿಂದೆ ಸತ್ತ ಮೋಡಗಳಿದ್ದವು, ಒಪ್ಪಿದೆ. ನಿಜಗುಣನ ಮಾತಿನ ಹಿಂದೆ ಅಂಥದ್ದೇನೂ ನನಗೆ ಕಂಡಿಲ್ಲ. ಅವನಿಗೆ ಅದು ಸುಮ್ಮನೆ ಒಲಿದು ಬಂದಿದೆ," ಎಂದ.

"ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನೀನು ಬೆಟ್ಟದ ಮೇಲೇ ಕೂತು ನುಣ್ಣಗೆ ಅನ್ನುತ್ತಿದ್ದೀಯಲ್ಲ," ಎಂದು ಗುರುಗಳು ಬುಟ್ಟಿಯಿಂದ ಒಂದು ಹಾಳೆ ತೆಗೆದು ಅವನ ಕೈಗಿಟ್ಟರು.

ಶಾಂತವೀರ ಮುದುರಿದ ಹಾಳೆಯನ್ನು ಬಿಡಿಸಿದ. ನಿಜಗುಣನ ಕೈಬರಹದಲ್ಲಿ ಪ್ರವಚನದ ಮೊದಲ ಸಾಲು. ಅದನ್ನು ಒಂಬತ್ತು ಸಲ ಬರೆದು ಒಂಬತ್ತು ಸಲವೂ ಹೊಡೆದುಹಾಕಿತ್ತು. ಇನ್ನೊಂದು ಹಾಳೆ ಬಿಡಿಸಿದ. ಅದರಲ್ಲೂ ಅದೇ ಸಾಲು, ಬೇರೆ ಬೇರೆ ಬಗೆಯಲ್ಲಿ. ಅವನು ಮೂರನೆಯದಕ್ಕೆ ಕೈ ಹಾಕಲಿಲ್ಲ.

"ನಿಜಗುಣನಿಗೆ ನಾನು ಏನನ್ನೂ ಕೊಡಲಿಲ್ಲ, ಶಾಂತವೀರ," ಎಂದರು ಗುರುಗಳು, "ನಿನಗೆ ಮಾತ್ರ ಅವನ ಕೋಣೆ ಗುಡಿಸುವ ಕೆಲಸ ಕೊಟ್ಟೆ."