ಗ್ರಹಣದ ಹೊತ್ತಿನ ನೀರು

"ಗುರುಗಳೇ, ಊರೂರು ತಿರುಗಿ ಗಂಟಲು ಹರಿಯುವಂತೆ ಹೇಳಿದೆ. ಜನ ಮೂಢನಂಬಿಕೆ ಬಿಡಲಿಲ್ಲ. ಈ ದಡ್ಡರನ್ನು ಅವರ ಪಾಡಿಗೆ ಬಿಟ್ಟುಬಿಡಲೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಭೌತಶಾಸ್ತ್ರದ ಪ್ರಾಧ್ಯಾಪಕರಿದ್ದರು. ಅವರ ಪಾಠ ಕೇಳಲು ಬೇರೆ ವಿಭಾಗದ ಹುಡುಗರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ತಿಳಿಯಲಿಲ್ಲ ಎಂದವನಿಗೆ ಮತ್ತೆ ಹೇಳುತ್ತಿದ್ದರು, ಗದರುತ್ತಿರಲಿಲ್ಲ. ಮನೆಯಲ್ಲೂ ಅಕ್ಕರೆಯ ಮನುಷ್ಯ. ಮಗಳು ಚಿಕ್ಕವಳಿದ್ದಾಗ ದಿನವೂ ಅವಳ ಜಡೆ ಹೆಣೆದವರು ಅವರೇ. ಹೆಂಡತಿಗೆ ಜ್ವರ ಬಂದರೆ ಅಡುಗೆಯೂ ಅವರದೇ. ಒಳ್ಳೆಯವರು. ಒಳ್ಳೆಯವರ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅದು ಹೆಚ್ಚು ಕಾಲ ಬದುಕುತ್ತದೆ.

ಮಗಳು ಹೆರಿಗೆಗೆಂದು ತವರಿಗೆ ಬಂದಳು. ಹಸಿದರೆ ಅವಳಿಗೆ ತಲೆ ಸುತ್ತುತ್ತಿತ್ತು. ಊಟ, ನೀರು ತಪ್ಪಿಸಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಆಗಲೇ ಸೂರ್ಯಗ್ರಹಣ ಬಂತು.

ಹಿಂದಿನ ದಿನ ಪ್ರಾಧ್ಯಾಪಕರು ಊರಿನ ಮೈದಾನದಲ್ಲಿ ನಿಂತು, ಗ್ರಹಣವೆಂದರೆ ಬರಿ ನೆರಳು ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಸಂಜೆ ಮನೆಗೆ ಬಂದರೆ ಹೆಂಡತಿ ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಳು. ನಾಳೆ ಗ್ರಹಣ ಬಿಡುವವರೆಗೆ ಮಗಳು ಆ ಕತ್ತಲಲ್ಲೇ ಇರಬೇಕು. ಅನ್ನವಿಲ್ಲ, ನೀರಿಲ್ಲ.

ಅವರು ನಕ್ಕರು. ಆಮೇಲೆ ಸಿಟ್ಟಾದರು.

"ಪ್ರೊಫೆಸರ್ ಹೆಂಡತಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ ನಿನಗೆ?"

"ನಿಮಗೆ ನಿಮ್ಮ ಮಾನದ ಚಿಂತೆ. ನನಗೆ ಅವಳ ಹೊಟ್ಟೇಲಿರೋ ಕೂಸಿನ ಚಿಂತೆ," ಎಂದಳು ಹೆಂಡತಿ. "ಕಂಡೋರ ಮಕ್ಕಳನ್ನ ಕೂರಿಸ್ಕೊಂಡು ಹತ್ತು ಸಲ ಹೇಳ್ತೀರಿ. ನನಗೆ ಒಂದು ಸಲ ಹೇಳಿದ್ದೀರಾ? ಮದುವೆ ಆದಾಗಿಂದ ಪ್ರತಿ ಗ್ರಹಣಕ್ಕೂ ನಕ್ಕಿದ್ದೀರಿ, ಅಷ್ಟೇ."

ಪ್ರಾಧ್ಯಾಪಕರು ಅಡುಗೆಮನೆಯ ನೆಲದ ಮೇಲೆ ಕೂತರು. ದೀಪ ಹಚ್ಚಿದರು. ಹೆಂಡತಿಯ ಕೈಗೆ ಒಂದು ನಿಂಬೆಹಣ್ಣು ಕೊಟ್ಟು, ಕಣ್ಣಿಗೂ ದೀಪಕ್ಕೂ ನಡುವೆ ಹಿಡಿ ಎಂದರು. ಅವಳಿಗೆ ದೀಪ ಕಾಣಿಸಲಿಲ್ಲ.

"ದೀಪಕ್ಕೆ ಏನಾಯ್ತು?" ಎಂದು ಅವರು ಕೇಳಿದರು.

"ಏನೂ ಆಗ್ಲಿಲ್ಲ," ಎಂದಳು. ನಿಂಬೆಹಣ್ಣು ಕೆಳಗಿಟ್ಟು ಕೇಳಿದಳು: "ಅಮಾವಾಸ್ಯೆ ತಿಂಗಳು ತಿಂಗಳು ಬರುತ್ತಲ್ಲ. ಚಂದ್ರ ಬರಿ ಅಡ್ಡ ಬರೋದಾದ್ರೆ, ಗ್ರಹಣ ಯಾಕೆ ತಿಂಗಳು ತಿಂಗಳು ಬರಲ್ಲ?"

ಪ್ರಾಧ್ಯಾಪಕರ ಮುಖ ಅರಳಿತು. ಅವಳ ಕೈಯಿಂದ ಎರಡು ಬಳೆ ತೆಗೆದರು. ಒಂದರೊಳಗೆ ಇನ್ನೊಂದನ್ನು ಓರೆಯಾಗಿ ಹಿಡಿದರು. ಎರಡು ಕಡೆ ಮಾತ್ರ ಬಳೆಗಳು ಕೂಡಿದವು. ಸೂರ್ಯನ ದಾರಿಗೆ ಚಂದ್ರನ ದಾರಿಯೂ ಹೀಗೇ ಓರೆ, ಕೂಡುವ ಕಡೆ ಅಮಾವಾಸ್ಯೆ ಬಿದ್ದಾಗಷ್ಟೇ ಗ್ರಹಣ ಎಂದರು. ಅವಳು ಬಳೆಗಳನ್ನು ತಾನೇ ಹಿಡಿದು ತಿರುಗಿಸಿ ನೋಡಿದಳು. ಮತ್ತೆ ತೊಟ್ಟುಕೊಂಡು ಒಲೆಯ ಕಡೆ ಹೋದಳು. ಕಂಬಳಿ ಕಿಟಕಿಯಲ್ಲೇ ಉಳಿಯಿತು.

ಮರುದಿನ ಸೂರ್ಯ ಅರ್ಧ ಮುಚ್ಚಿಹೋದ. ಮಗಳ ತುಟಿ ಒಣಗಿತ್ತು, ತಲೆ ಸುತ್ತುತ್ತಿತ್ತು. ಪ್ರಾಧ್ಯಾಪಕರಿಗೆ ಕೂಗಾಡಬೇಕೆನಿಸಿತು. ಕೂಗಾಡಲಿಲ್ಲ. ಹೆಂಡತಿ ಒಂದು ಲೋಟ ನೀರು ಹಿಡಿದು ಕೋಣೆಗೆ ಬಂದಳು. ಮಗಳ ಎದುರೇ ಮೊದಲು ತಾನು ಅರ್ಧ ಕುಡಿದಳು. ಉಳಿದದ್ದನ್ನು ಮಗಳಿಗೆ ಚಾಚಿದಳು.

"ಅಮ್ಮ, ನಿನಗೆ ಹೆದರಿಕೆ ಆಗ್ತಿಲ್ವಾ?"

"ಆಗ್ತಿದೆ. ಕುಡಿ."

ಮಗಳು ಕುಡಿದಳು. ತಾಯಿ ಕಂಬಳಿ ಬಿಚ್ಚಿದಳು. ಪಕ್ಕದ ಮನೆಯಲ್ಲೂ ಒಬ್ಬ ಬಸುರಿ ಸೊಸೆ ಇದ್ದಳು. ಗ್ರಹಣ ಬಿಡುವ ಮೊದಲೇ ತಾಯಿ ಅದೇ ನಿಂಬೆಹಣ್ಣು ಹಿಡಿದು ಹಿತ್ತಿಲಿನಿಂದ ಆ ಮನೆಗೆ ಹೋದಳು. ಅಲ್ಲಿಯ ಅತ್ತೆ ಮೊದಲು ಬೈದಳು, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. ತಿಂಗಳೊಳಗೆ ಎರಡೂ ಮನೆಯಲ್ಲಿ ತೊಟ್ಟಿಲು ಕಟ್ಟಿದರು.

ಶಿಷ್ಯ ಉತ್ಸಾಹದಿಂದ, "ಅಂದರೆ ಕೊನೆಗೂ ವಿಜ್ಞಾನ ಗೆದ್ದಿತು, ಅಲ್ಲವೇ?" ಎಂದ.

ಗುರು ಕೇಳಿದರು: "ಆ ತಾಯಿ ಅಮಾವಾಸ್ಯೆಯ ಪ್ರಶ್ನೆ ಕೇಳಿದಳು. ನೀನು ತಿರುಗಿದ ಊರುಗಳಲ್ಲಿ ಜನ ನಿನ್ನನ್ನು ಏನು ಕೇಳಿದರು?"