ಹಲ್ಲಿಯೂ ಕೈಪಟ್ಟಿಯೂ

ರೋಗಿಯ ನಾಡಿಮಿಡಿತವನ್ನು ಮನೆಯಿಂದಲೇ ಆಸ್ಪತ್ರೆಗೆ ಕಳಿಸುವ ಕೈಪಟ್ಟಿ ಸುಳ್ಳು ಹೇಳದು, ಹಲ್ಲಿ ಲೊಚಗುಟ್ಟಿದ ಮಾತೂ ಸುಳ್ಳಾಗದು ಎಂದು ಆಗ ಎಲ್ಲರೂ ನಂಬಿದ್ದರು.

ಒಂದು ಬೆಳಿಗ್ಗೆ ಪೂಜೆಗೆ ಕೂತಿದ್ದ ಹೃದ್ರೋಗಿ ಗುಂಡಾಚಾರ್ಯರು ಪಕ್ಕಕ್ಕೆ ವಾಲಿ ಬಿದ್ದರು. ಕಂಡದ್ದು ದೇವರಮನೆಯ ಹಲ್ಲಿಯೊಂದೇ. ಅದು ಗೋಡೆ ಹಿಡಿದು ಓಡಿ ಕೈಪಟ್ಟಿಯನ್ನು ಕರೆಯಿತು.

“ಪಟ್ಟಿಯಣ್ಣ, ಆಚಾರ್ಯರು ಬಿದ್ದಿದ್ದಾರೆ. ಆಸ್ಪತ್ರೆಗೆ ಹೇಳು.”

“ಮಿಡಿತ ಎಪ್ಪತ್ತೆರಡಿದೆ. ಅದನ್ನೇ ಹೇಳುತ್ತಿದ್ದೇನೆ. ನಿನ್ನ ಹತ್ತಿರ ಯಾವ ಅಂಕಿಯಿದೆ?”

“ಅಂಕಿಯಿಲ್ಲ. ಕಣ್ಣಾರೆ ಕಂಡೆ.”

“ಹಾಗಾದರೆ ಸುಮ್ಮನಿರು.”

ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಹೆಂಡತಿ ಸುಭದ್ರಮ್ಮನಿಗೆ ಆಸ್ಪತ್ರೆಯ ನರ್ಸಿನಿಂದ ಫೋನ್ ಬಂತು.

“ನಾಡಿ ಚೆನ್ನಾಗಿದೆ ಅಮ್ಮ. ಯಜಮಾನರು ಹೇಗಿದ್ದಾರೆ?”

“ಮಡಿಯಲ್ಲಿದ್ದಾರೆ, ನಾನು ಒಳಗೆ ಹೋಗುವ ಹಾಗಿಲ್ಲ. ಆರಾಮಾಗಿದ್ದಾರಮ್ಮ.”

ಹಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿತು. ಲೊಚ್, ಲೊಚ್, ಲೊಚ್.

“ಕೇಳಿದೆಯಾ, ಹಲ್ಲಿಯೂ ಹೌದೆಂದಿತು,” ಎಂದು ಸುಭದ್ರಮ್ಮ ಬೆರಳಿನಿಂದ ನೆಲ ತಟ್ಟಿ “ಕೃಷ್ಣ, ಕೃಷ್ಣ” ಎಂದರು. ಮತ್ತೆ ಹೂವಿಗೆ ಕೈಹಾಕಿದರು.

ಮಡಿಗೆ ಆಗದೆಂದು ಆಚಾರ್ಯರು ಸ್ನಾನಕ್ಕೆ ಮುಂಚೆಯೇ ಪಟ್ಟಿ ಬಿಚ್ಚಿ, ಕಳೆದುಹೋಗದಿರಲೆಂದು ತರಕಾರಿ ಬುಟ್ಟಿಯ ಬಾಳೆಕಾಯಿಯೊಂದಕ್ಕೆ ಸುತ್ತಿದ್ದರು; ಎಪ್ಪತ್ತೆರಡು ಅದರದು.